ಮುಂದಿನ ಸೀಟು ಖಾಲಿ ಇಲ್ಲ

ಒಂದು ಕಡೆ ಕೂತವನಿಗೆ ಏನೂ ಆಗುವುದಿಲ್ಲ. ನಾನು ಕೂಡಲಿಲ್ಲ. ಅದಕ್ಕೇ ಇವೆಲ್ಲ ನನಗೇ ಆದವು. ಇನ್ನೂ ಆಗುತ್ತಲೇ ಇವೆ.

ನಾನು ಕಲಿತದ್ದು ಎರಡನೇ ಇಯತ್ತೆ. ಕೆಲಸ ಕಮ್ಮಾರಿಕೆ. ಗದಗಿನಲ್ಲಿ ಕುಲುಮೆ ಇತ್ತು. ನಾನು ಬಡಿಯುತ್ತಿದ್ದೆ, ನಮ್ಮಾಕಿ ತಿದಿ ಒತ್ತುತ್ತಿದ್ದಳು. ಆಕೆ ನನ್ನ ಅಕ್ಕನ ಮಗಳು. ಹಾಗಾಗಿ ಬೇವೂರಿನ ಅಕ್ಕ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಸಿಟ್ಟು ಬಂದಾಗ ‘ಅಳಿಯಾ’ ಅನ್ನುತ್ತಾಳೆ. ಇಲ್ಲದಿದ್ದರೆ ‘ತಮ್ಮಾ’.

ಒಂದು ದಿನ ಕುಲುಮೆಯ ಮುಂದೆ ಮೋಟಾರು ಹೋಯಿತು. ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ನಮ್ಮಾಕಿ ತಿದಿ ಬಿಟ್ಟು ಎದ್ದು ನೋಡಿದಳು. “ಒಮ್ಮೆ ಹಿಂಗ ಮುಂದ ಕುಂತು ತವರಿಗೆ ಹೋಗಬೇಕು ನೋಡ್ರಿ” ಅಂದಳು. ನಾನು “ಹೂಂ” ಅಂದೆ. ಆಕೆ ಏನಂದರೂ ನಾನು ಹೂಂ ಅನ್ನುತ್ತಿದ್ದೆ. ಕಾಸಿದ ಕಬ್ಬಿಣ ಆರುತ್ತಿತ್ತು.

ಆಮೇಲೆ ಆಕೆಗೆ ಮೂರು ದಿನದ ಜ್ವರ. ಅಕ್ಕ ಚಕ್ಕಡಿಯಲ್ಲಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿದಿ ಒತ್ತುವವರಿಲ್ಲದೆ ಕುಲುಮೆ ಇಲ್ಲ. ಅಡಿಗಲ್ಲು, ಸುತ್ತಿಗೆ ಮಾರಿ ಕೊಪ್ಪಳಕ್ಕೆ ಬಂದೆ. ಅಲ್ಲಿಂದ ಬೇವೂರು ಹತ್ತಿರ. ಆದರೆ ಮುಂದೆ ಕಾಲು ಬರಲಿಲ್ಲ. ಅಕ್ಕನ ಬಾಗಿಲಿಗೆ ಒಬ್ಬನೇ ಹೇಗೆ ಹೋಗಲಿ? ಕೊಪ್ಪಳದಲ್ಲೇ ನಿಂತೆ. ನಿಲ್ಲುವುದೂ ಆಗಲಿಲ್ಲ. ಮೋಟಾರು ತಗೊಂಡೆ.

ಹಲ್ಲು ನೋಡಿದ ದಲ್ಲಾಳಿ

ಹೊಸ ಊರು. ಗುರುತಿನವರಿಲ್ಲ. ಊರಲ್ಲಿ ಒಬ್ಬ ವಕೀಲರು ತಮ್ಮ ಹಳೇ ಮೋಟಾರು ಮಾರುತ್ತಾರೆ ಅಂತ ಗೊತ್ತಾಯಿತು. ಹೇಗೆ ಕೊಳ್ಳಬೇಕು ಅನ್ನುವುದು ಗೊತ್ತಿರಲಿಲ್ಲ. ನನ್ನ ಬಾಡಿಗೆ ಮನೆಯ ಮಾಲಕ ಅಂದ, “ಯಾವ ಯಾಪಾರ ಇದ್ರೂ ನಡುವ ಒಬ್ಬ ದಲ್ಲಾಳಿ ಇರಬೇಕು. ನಾ ಕಳಸ್ತೀನಿ.”

ಕಳಿಸಿದ. ಬಂದವನು ದನದ ಸಂತೆಯ ದಲ್ಲಾಳಿ. ಅವನಿಗೆ ಗೊತ್ತಿದ್ದದ್ದು ಅದೊಂದೇ ಯಾಪಾರ.

ದಲ್ಲಾಳಿ ಮೋಟಾರಿನ ಸುತ್ತ ಮೂರು ಸುತ್ತು ಬಂದ. ಬೆನ್ನು ತಟ್ಟಿದ. “ಬಾಯಿ ತೆರೀರಿ” ಅಂದ. ವಕೀಲರು ಬಾನೆಟ್ ಎತ್ತಿದರು. ದಲ್ಲಾಳಿ ಒಳಗೆ ತಲೆ ಹಾಕಿ ನೋಡಿದ.

“ವಯಸ್ಸಾಗೈತ್ರಿ. ಹಲ್ಲೆಲ್ಲ ಕರ್ರಗಾಗ್ಯಾವು. ಹಾಯ್ತೈತೇನ್ರಿ?”

ವಕೀಲರು ಕೋರ್ಟಿನಲ್ಲಿ ಸುಳ್ಳು ಹೇಳುತ್ತಿದ್ದರೋ ಏನೋ, ಮನೆಯಲ್ಲಿ ಹೇಳುವವರಲ್ಲ. “ಒಮ್ಮೆ ನಮ್ಮ ಮನಿ ಗ್ವಾಡಿಗೆ ಹಾಯ್ದಿತ್ತು” ಅಂದರು.

“ಹತ್ತು ಹೆಜ್ಜಿ ನಡಸ್ರಿ. ಕುಂಟ್ತೈತೇನು ನೋಡೂಣು.”

ಹತ್ತು ಹೆಜ್ಜೆ ಛಲೋ ನಡೆಯಿತು. ಹನ್ನೊಂದಕ್ಕೆ ಕುಂಟಿತು. ದಲ್ಲಾಳಿ ಹತ್ತಕ್ಕೇ ಕಣ್ಣು ಮುಚ್ಚಿಕೊಂಡಿದ್ದ.

ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ವಲ್ಲಿ ಹೊದಿಸಿ, ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳು ಎಷ್ಟೋ ಬೆಲೆ ಅಷ್ಟು ನೂರು. ಎದುರಿನವ ಆ ಕೈಯನ್ನು ಗಟ್ಟಿ ಹಿಡಿದು ಅಲುಗಿಸಿದರೆ ಒಪ್ಪಿದ ಅಂತ ಅರ್ಥ. ವಕೀಲರಿಗೆ ಇದು ತಿಳಿಯದು. ದಲ್ಲಾಳಿ ವಲ್ಲಿ ಹೊದಿಸಿ ಮೂರು ಬೆರಳು ಹಿಡಿದ. ಇವನಿಗೆ ಪಾಪ, ಸಾಹೇಬರ ಹಾಗೆ ಕೈ ಕುಲುಕುವ ಆಸೆ ಅಂತ ವಕೀಲರು ತಿಳಿದರು. ನಕ್ಕು ಜೋರಾಗಿ ಕುಲುಕಿಬಿಟ್ಟರು.

“ಮುಗೀತು! ಧಣೇರು ಒಪ್ಪಿದ್ರು!” ಅಂತ ದಲ್ಲಾಳಿ ಕೂಗಿದ.

“ಏನ ಒಪ್ಪಿದೆ?”

“ಮೂರು ಬೆರಳಿಗೆ ಒಪ್ಪಿದ್ರಿ.”

“ಇದು ಯಾವ ಕಾನೂನಿನ್ಯಾಗ ಐತೋ?”

“ವಲ್ಲಿ ಕೆಳಗಿನ ಕಾನೂನ್ರಿ. ಇದಕ್ಕ ಅಪೀಲಿಲ್ಲ.”

ಓಣಿಯ ನಾಲ್ಕು ಮಂದಿ ಹೌದೌದು ಅಂದರು. ವಕೀಲರು ಆಮೇಲೆ ತಣ್ಣಗೆ ಕೇಳಿದರು, “ಎತ್ತು ಮಾರಿದಾಂವ ಹಗ್ಗಾನೂ ಕೊಡ್ತಾನೇನು?”

“ಇಲ್ರಿ. ಎತ್ತು ಕೊಡ್ತಾನ, ಹಗ್ಗ ಇಟಗೋತಾನ. ಅದು ಪದ್ಧತಿ.”

“ಛಲೋ ಆತು” ಅಂದರು. ಮೋಟಾರಿನ ಮೂತಿಗೆ ಹಾಕಿ ತಿರುವಿ ಸುರು ಮಾಡುವ ಹ್ಯಾಂಡಲು ಒಂದಿರುತ್ತದಲ್ಲ, ಅದನ್ನು ಕಿತ್ತು ಬಗಲಲ್ಲಿ ಇಟ್ಟುಕೊಂಡರು. “ಇದ ನನ್ನ ಹಗ್ಗ” ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಾರದ್ರಿ ಈ ಸೀಟು?

ಹೊಸ ಹ್ಯಾಂಡಲು ಬಡಿಸಲು ಆ ಊರಿನ ಕುಲುಮೆಗೆ ಹೋದೆ. ಅಲ್ಲಿ ತಿದಿ ಒತ್ತುತ್ತಿದ್ದವಳು ಕಮ್ಮಾರನ ಹೆಂಡತಿ. ನಾನು ಬೀದಿ ಕಡೆ ಮುಖ ಮಾಡಿ ನಿಂತೆ.

ವಕೀಲರ ಹಳೇ ಡ್ರೈವರ ಎಂಟು ದಿನ ಕಲಿಸಿದ. ಒಂಬತ್ತನೇ ದಿನ ಬಾಡಿಗೆ ಹೊಡೆದೆ. ಕುಷ್ಟಗಿ, ಗಂಗಾವತಿ, ಯಲಬುರ್ಗಾ, ತಾವರಗೇರಾ. ಕರೆದಲ್ಲಿಗೆ ಹೋದೆ. ಎರಡು ಮಾತು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ನನ್ನ ಬಾಜೂಕಿನ ಸೀಟು ನಮ್ಮಾಕಿಯದು, ಅಲ್ಲಿ ಯಾರೂ ಕೂಡಬಾರದು. ಬೇವೂರಿಗೆ ಬಾಡಿಗೆ ಇಲ್ಲ.

ಬೇವೂರಿನದು ಸಸಾರ. “ನಡುವ ದೊಡ್ಡ ಹಳ್ಳ ಐತ್ರಿ, ಮೋಟಾರ ದಾಟಂಗಿಲ್ಲ” ಅನ್ನುತ್ತಿದ್ದೆ. ಅಂಥ ಹಳ್ಳ ಇಲ್ಲ. ಒಮ್ಮೆ ಬೇವೂರಿನವನೇ ಬಂದು ಕರೆದ. ಅವನಿಗೂ ಅದನ್ನೇ ಅಂದೆ. ಅವ ಗಾಬರಿಯಾದ. “ಯಾವಾಗ ಬಂತ್ರಿ? ನಾ ಮುಂಜಾನೆ ಅದ ದಾರೀಲೆ ಬಂದೀನಲ್ರಿ!”

ಸೀಟಿನದು ಅಷ್ಟು ಸಸಾರ ಆಗಲಿಲ್ಲ.

“ಮುಂದ ಖಾಲಿ ಐತಲ್ಲೋ?”

“ಖಾಲಿ ಇಲ್ರಿ.”

“ಯಾರದಾರ ಅಲ್ಲಿ?”

ಅದಕ್ಕೆ ನಾನು ಉತ್ತರ ಕೊಡುತ್ತಿರಲಿಲ್ಲ.

ಒಬ್ಬ ಗೌಡರು ಹಟ ಹಿಡಿದರು. “ನಾ ಊರ ಗೌಡ. ಮುಂದ ಕೂಡಾಂವ.” ನಾನು ಕೇಳಿದೆ, “ಗೌಡ್ರ, ನಿಮ್ಮ ಚಕ್ಕಡಿಯಾಗ ಮುಂದ ಯಾರು ಕೂಡ್ತಾರ್ರಿ?” “ಆಳು” ಅಂದರು. ಅಂದು ಮೀಸೆ ತಿರುವುತ್ತ ನಿಂತರು. ಸುಮ್ಮನೆ ಹಿಂದೆ ಹೋಗಿ ಕೂತರು. ದಾರಿಯುದ್ದಕ್ಕೂ ನನ್ನನ್ನು ಆಳಿನ ಹಾಗೇ ಮಾತಾಡಿಸಿದರು. ಊರು ಬಂದಾಗ “ಎತ್ತಿಗೆ ನೀರು ಕುಡಿಸು” ಅಂದು ಇಳಿದರು.

ಉತ್ತರ ಸಿಗದ ಕಡೆ ನಮ್ಮ ಜನ ದೇವರನ್ನು ಕೂಡಿಸುತ್ತಾರೆ. ಮೊದಲು ಕುಷ್ಟಗಿಯಲ್ಲಿ ಒಬ್ಬ ಮುದುಕಿ ಸೀಟಿಗೆ ಅರಿಷಿಣ ಕುಂಕುಮ ಹಚ್ಚಿದಳು. ಮುಂದಿನ ಸಲ ಯಾರೋ ಕಾಯಿ ಒಡೆದರು. ಮೂರು ತಿಂಗಳಲ್ಲಿ ನಮ್ಮಾಕಿಗೆ ಮೋಟಾರವ್ವ ಅಂತ ಹೆಸರೂ ಬಂತು. ಬಾಳೆಹಣ್ಣು, ಕೊಬ್ಬರಿ, ಪುಟಾಣಿ, ಬೆಲ್ಲ. ಪ್ರಸಾದ ಒಲ್ಲೆ ಅನ್ನಬಾರದು. ನಾನು ಮನೆಯಲ್ಲಿ ಒಲೆ ಹಚ್ಚುವುದು ಬಿಟ್ಟು ಭಾಳ ದಿನವಾಗಿತ್ತು. ಇದ್ದಾಗ ಆಕೆಯೇ ನನಗೆ ಉಣ್ಣಲು ಹಾಕುತ್ತಿದ್ದಳು. ಹೋದ ಮೇಲೂ ಆಕೆಯೇ ಹಾಕಿದಳು.

ಹೂಂ ಅಂದದ್ದು

ನಿಂತ ಮೋಟಾರಿನಲ್ಲಿ ಕೂಡುವುದು ನನಗೆ ಆಗುವುದಿಲ್ಲ. ಓಡುವಾಗ ದಾರಿ ಕಾಣುತ್ತದೆ. ನಿಂತರೆ ಬಾಜೂಕಿನ ಸೀಟು ಕಾಣುತ್ತದೆ.

ಕುಷ್ಟಗಿಯಿಂದ ಒಬ್ಬ ಹಿರಿಯರು ಯಲಬುರ್ಗಾಕ್ಕೆ ಹೊರಟರು. ಅಣ್ಣನ ಮಗನಿಗೆ ಹೆಣ್ಣು ನೋಡಬೇಕಿತ್ತು. ಊರು ಇನ್ನೊಂದು ಹರಿದಾರಿ ಇದೆ ಅನ್ನುವಾಗ ಬಾವಿ ಕಂಡಿತು. “ಮುಖ ತೊಳಕೊಂಡು ಬರ್ತೀನಿ, ನಿಂದರ್ಸು” ಅಂದರು. ಇಳಿದರು. ನಾನು ಕಾದೆ. ಎಷ್ಟು ಕಾದೆನೋ ಗೊತ್ತಿಲ್ಲ. ಭಾಳ ಅಂತ ನನಗೆ ಅನ್ನಿಸಿತು. ಹೊರಟುಬಿಟ್ಟೆ.

ಯಲಬುರ್ಗಾದ ಮನೆಯ ಮುಂದೆ ನಿಲ್ಲಿಸಿ ಹಿಂದೆ ನೋಡಿದರೆ ಹಿರಿಯರಿಲ್ಲ. ತಿರುಗಿ ಹೋಗಬೇಕು ಅನ್ನುವಷ್ಟರಲ್ಲಿ ಹೆಣ್ಣಿನ ಅಪ್ಪ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟಿದ್ದ. ಅವರು ಹಿರಿಯರ ಮುಖ ಮೊದಲು ನೋಡಿದವರಲ್ಲ.

“ಬರ್ರಿ, ಬರ್ರಿ. ಒಳಗ ಬರ್ರಿ.”

ನನ್ನ ಬಾಯಿ ತೆರೆಯುವುದು ನಿಧಾನ. “ನಾ ಮೋಟಾರ...” ಅಂದೆ.

“ನೋಡಿದೀವ್ರಿ! ಸ್ವಂತ ಮೋಟಾರ! ದೊಡ್ಡ ಮಂದಿ ಬಿಡ್ರಿ ನೀವು.”

ಜಮಖಾನೆ ಮೇಲೆ ಕೂಡಿಸಿದರು. ಅವಲಕ್ಕಿ ಕೊಟ್ಟರು. ಹುಡುಗಿ ಬಂದು ನಮಸ್ಕಾರ ಮಾಡಿದಳು. “ಏನ್ರಿ, ಒಪ್ಪಿಗಿ ಐತೇನ್ರಿ?” ಅಂದರು. ಎಷ್ಟೋ ವರ್ಷದ ರೂಢಿ. “ಹೂಂ” ಅಂದೆ. ಮನೆಯ ತುಂಬ ಸಕ್ಕರೆ ಹಂಚಿದರು.

ಹಿರಿಯರು ಮೊಣಕಾಲತನಕ ಧೂಳು ಮಾಡಿಕೊಂಡು ನಡೆದು ಬಂದರು. ಹೊಸ್ತಿಲಲ್ಲೇ “ನಾ ಹೆಣ್ಣ ನೋಡಾಕ...” ಅಂತ ಬಾಯಿ ತೆರೆದರು. ಯಾರೋ ಆ ಬಾಯಿಗೆ ಸಕ್ಕರೆ ಹಾಕಿದರು. ಒಪ್ಪಿಗೆಯ ಸಕ್ಕರೆ ನುಂಗಿದ ಮೇಲೆ ಇಲ್ಲ ಅನ್ನುವುದು ನಮ್ಮ ಕಡೆ ಇಲ್ಲ. ಉಗುಳುವುದಂತೂ ಇಲ್ಲವೇ ಇಲ್ಲ.

ಮದುವೆ ಆಯಿತು. ಆ ಮದುಮಗ ಕುಷ್ಟಗಿಯಲ್ಲಿ ಸಿಕ್ಕಾಗ ಈಗಲೂ ನನಗೆ ಚಹಾ ಕುಡಿಸುತ್ತಾನೆ. ಕೆಲವು ದಿನ ಕುಡಿಸುವುದಿಲ್ಲ.

ಟೈರು ಮೇಯ್ದ ಎತ್ತು

ಅರಿವೆ ಯಾಪಾರಿ ಒಬ್ಬರು ಗಂಟುಗಳ ಸಮೇತ ತಾವರಗೇರಾದ ಸಂತೆಗೆ ಹೊರಟಿದ್ದರು. ಇರಕಲ್ಲಗಡ ದಾಟುವ ಮೊದಲೇ ಹಿಂದಿನ ಟ್ಯೂಬು ಒಡೆಯಿತು. ಬೇರೆ ಟ್ಯೂಬು ಇಲ್ಲ. ಬಣವೆಯಿಂದ ಒಣಹುಲ್ಲು ಕೇಳಿ ತಂದು ಟೈರಿನೊಳಗೆ ಗಿಡಿದೆ. ಆಗ ಹಾಗೆ ಮಾಡುತ್ತಿದ್ದೆವು. ಟೈರು ಸೀಳಿದ ಕಡೆ ನಾಲ್ಕು ಎಳೆ ಹೊರಗೆ ಇಣುಕಿದವು. ಇರಲಿ ಅಂತ ಬಿಟ್ಟೆ. ಕಟ್ಟೆಯ ಹತ್ತಿರ ನೀರು ಕುಡಿಯಲು ಹೋದೆವು.

ಬಂದು ನೋಡಿದರೆ ಒಂದು ಬಿಳೀ ಎತ್ತು ಟೈರಿಗೆ ಬಾಯಿ ಹಾಕಿ ಎಳೆಯುತ್ತಿದೆ. ಟೈರು ಅರ್ಧ ಖಾಲಿ.

ನಾನು ಎತ್ತಿನ ಮಾಲಕನ ಮೇಲೆ ಹೋದೆ. ಅವ ನನ್ನ ಮೇಲೆ ಬಂದ. “ನನ್ನ ಎತ್ತಿನ ಹೊಟ್ಟ್ಯಾಗ ರಬ್ಬರ ಹೋಗಿದ್ರ ಏನ್ಲೇ ಮಾಡ್ತೀ?” ಕಟ್ಟೆಯ ಮೇಲಿನ ಹಿರಿಯರು ಇಬ್ಬರನ್ನೂ ಕೂಡಿಸಿ ನ್ಯಾಯ ಮಾಡಿದರು.

“ಎತ್ತು ಹುಲ್ಲ ತಿಂತು. ತಪ್ಪೇನು?”

“ತಪ್ಪಿಲ್ರಿ.”

“ಇಂವಾ ಹುಲ್ಲ ಎತ್ತಿನ ಬಾಯಿ ಎತ್ತರಕ್ಕ ಇಟ್ಟ. ಹೌದಿಲ್ಲೋ?”

“ಹೌದ್ರಿ.”

“ಹಂಗಾದ್ರ ಇಂವಾ ಮೇವು ಹಾಕ್ಯಾನ. ಮೇವು ಹಾಕಿದಾಂವಗ ಪುಣ್ಯ ಬಂತು. ಇನ್ನೇನು ಬೇಕೋ ನಿನಗ?”

ಪುಣ್ಯ ಕಟ್ಟಿಕೊಂಡು ಮತ್ತೆ ಹುಲ್ಲು ಗಿಡಿದೆ. ಹೊರಟೆವು. ಎತ್ತಿಗೆ ರುಚಿ ಹತ್ತಿತ್ತು. ಹಗ್ಗ ಹರಿದುಕೊಂಡು ಹಿಂದೆಯೇ ಬಂತು. ಹುಲ್ಲಿನ ಟೈರಿನ ಮೇಲೆ ಜೋರಾಗಿ ಓಡಿಸುವುದಾಗುವುದಿಲ್ಲ, ಎತ್ತಿಗೆ ಅದು ಗೊತ್ತಿತ್ತು. ಅರಿವೆ ಯಾಪಾರಿ ಹಿಂದೆ ತಿರುಗಿ ಕೂತು “ಹಾ! ಹಚ್ಚಾ!” ಅಂತ ಛತ್ರಿ ಬೀಸುತ್ತ ಬಂದರು. ತಾವರಗೇರಾದ ಸಂತೆಯೊಳಗೆ ಹೀಗೇ ಹೊಕ್ಕೆವು. ಒಬ್ಬ ಮುದುಕ ನಿಲ್ಲಿಸಿ ಹೇಳಿದ, “ತಮ್ಮಾ, ಹೊಸದಾಗಿ ಕಲತೀಯೇನು? ಎತ್ತು ಮುಂದ ಕಟ್ಟಬೇಕಪ.”

ಒಲೆ ಮೇಲಿನ ಬಾಡಿಗೆ

ಯುದ್ಧ ಬಂತು. ಪೆಟ್ರೋಲು ಚೀಟಿಗೆ ಬಂತು. ಆಮೇಲೆ ಚೀಟಿ ಉಳಿಯಿತು, ಪೆಟ್ರೋಲು ಹೋಯಿತು. ಮೋಟಾರಿನ ಹಿಂದೆ ಇದ್ದಲಿ ಒಲೆ ಕಟ್ಟಿ ಅದರ ಗ್ಯಾಸಿನ ಮೇಲೆ ಓಡಿಸುವುದು ಸುರುವಾಯಿತು. ನಾನೂ ಒಂದು ಪೀಪಾಯಿ ಕೊರೆದು ಕಟ್ಟಿದೆ. ಬೆಂಕಿ, ಇದ್ದಲಿ, ಗಾಳಿ ಊದುವುದು. ಯಾವುದನ್ನು ಬಿಟ್ಟು ಓಡಿ ಬಂದಿದ್ದೆನೋ ಅದೇ ಬೆನ್ನಿಗೆ ಬಿತ್ತು.

ಗಂಗಾವತಿ ದಾರಿಯಲ್ಲಿ ಇಬ್ಬರು ರೈತರು ಹತ್ತಿದ್ದರು. ಸೀತನಿ ಕಾಲ, ಹಾಲು ತುಂಬಿದ ಜೋಳದ ತೆನೆ ಸುಟ್ಟು ತಿನ್ನುವ ದಿನಗಳು. ಇದ್ದಲಿ ಹಾಕಲು ಇಳಿದೆ. ಬೂದಿಯಲ್ಲಿ ಎರಡು ಬದನೆಕಾಯಿ ಇದ್ದವು. ಒಲೆಯ ಬಾಯಿಯ ಹತ್ತಿರ ತೆನೆ ಸಾಲಾಗಿ ನಿಂತಿದ್ದವು.

“ಏನ್ರಿ ಇದು?”

“ಬೆಂಕಿ ಸುಮ್ಕ ಹಾಳಾಗಾಕತ್ತಿತ್ತು” ಅಂದ ಒಬ್ಬ.

ಮಾತು ಹಬ್ಬಿತು. ಆಮೇಲೆ ಹತ್ತುವವರೆಲ್ಲ ಗಂಟಿನಲ್ಲಿ ಏನಾದರೂ ತರುತ್ತಿದ್ದರು. ಒಮ್ಮೆ ನಾಲ್ಕು ಮಂದಿ ಬಂದು ಮೋಟಾರು ಪೂರ್ತಿ ಬಾಡಿಗೆ ಕೇಳಿದರು. ಎಲ್ಲಿಗೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿದರು.

“ಎಲ್ಲಿಗಾರ ಹೋಗ್ರಿ” ಅಂದ ಒಬ್ಬ. “ಬದನಿಕಾಯಿ ಬೆಂದ ಕೂಡಲೆ ತಿರಗಿಸ್ರಿ.”

ಅಕ್ಕ ಹತ್ತಿದಳು

ಒಂದು ದಿನ ಬೆಳಿಗ್ಗೆ ಕೊಪ್ಪಳದಲ್ಲಿ ಮೋಟಾರು ನಿಲ್ಲಿಸುವ ಜಾಗದಲ್ಲಿ ಬೂದಿ ಗೋರುತ್ತಿದ್ದೆ. ಹಿಂದೆ ದನಿ ಕೇಳಿತು.

“ಬೇವೂರಿಗೆ ಬರ್ತೀಯೇನಪಾ?”

ತಿರುಗದೇ ಅಂದೆ, “ಇಲ್ರಿ. ನಡುವ ದೊಡ್ಡ ಹಳ್ಳ...”

“ಯಾವ ಹಳ್ಳಲೇ ಅಳಿಯಾ? ಆ ಊರಿಗೆ ಸೊಸಿಯಾಗಿ ನಡ್ಯಾಕ ಹೋದಾಗಿಂದ ಒಂದು ಕೊಡ ನೀರಿಗೆ ತಿರಗಾಕತ್ತೀನಿ. ನನಗ ಸಿಕ್ಕಿಲ್ಲ. ನಿನಗ ಎಲ್ಲಿ ಸಿಕ್ತು?”

ಅಕ್ಕ. ಬಗಲಲ್ಲಿ ಒಂದು ಗಂಟು. ಕೂದಲು ಪೂರ್ತಿ ಬೆಳ್ಳಗಾಗಿದ್ದವು. ನನ್ನ ಕೈಯಲ್ಲಿ ಬೂದಿಯ ಸಲಿಕೆ.

“ನಾಕೂ ತಾಲೂಕು ತಿರಗತೀಯಂತ. ತಾವರಗೇರಾಕ ಎತ್ತು ಕರಕೊಂಡು ಹೋಗಿದ್ಯಂತ. ಯಾರದೋ ಹೆಣ್ಣು ಒಪ್ಪಿ ಬಂದ್ಯಂತ. ಅಕ್ಕನ ಮನೀಗೆ ಮಾತ್ರ ಹಳ್ಳ ಅಡ್ಡ ಬಂತಲ್ಲ?”

“ಒಬ್ನ ಹ್ಯಾಂಗ ಬರ್ಲೇಳಕ್ಕಾ” ಅಂದೆ. ಇಷ್ಟು ವರ್ಷದಲ್ಲಿ ಆ ಮಾತು ಯಾರಿಗೂ ಅಂದಿರಲಿಲ್ಲ.

ಅಕ್ಕ ಸುತ್ತು ಹಾಕಿ ಬಂದು ಮುಂದಿನ ಬಾಗಿಲು ತೆರೆದಳು. ಜನ ನೋಡುತ್ತಿದ್ದರು. ಒಬ್ಬ ಹಮಾಲ ಓಡಿ ಬಂದ. “ಯಮ್ಮಾ, ಯಮ್ಮಾ! ಅಲ್ಲಿ ಕೂಡಬ್ಯಾಡ! ಮೋಟಾರವ್ವ ಅದಾಳ!”

“ಅದಾಳ, ನನಗ ಗೊತ್ತಿಲ್ಲೇನು? ಆಕಿನ್ನ ಹಡದಾಕಿ ನಾನ” ಅಂದಳು ಅಕ್ಕ.

ಹಮಾಲ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ನಾನು ಬಾಗಿಲಿಗೆ ಅಡ್ಡ ನಿಂತೆ. “ಅಕ್ಕಾ, ಅದು ಆಕಿದು...”

“ಆಕಡೆ ಸರಿ ತಮ್ಮಾ. ಮೂರು ವರ್ಷದಾಕಿ ಆಗೂಮಟ ನನ್ನ ತೊಡಿ ಬಿಟ್ಟು ಇಳಿಲಿಲ್ಲ ಆಕಿ. ಇವತ್ತ ಆಕಿ ತೊಡಿ ಮ್ಯಾಲ ನಾ ಕೂಡ್ತೀನಿ. ಭಾರಾದ್ರ ಆಕಿ ಹೇಳ್ತಾಳ. ನೀ ಸುಮ್ಕ ಹೊಡಿ.”

ಕೂತಳು. ಗಂಟು ಕಾಲ ಬಳಿ ಇಟ್ಟಳು. ಹೊಡೆದೆ.

ಆ ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ನಿಂತರೆ ತಿರುಗಿಸಿಕೊಂಡು ಬಂದುಬಿಡುತ್ತೇನೆ ಅಂತ ನನ್ನ ಮೇಲೇ ನನಗೆ ನಂಬಿಕೆ ಇರಲಿಲ್ಲ. ನಿಲ್ಲಿಸದಿದ್ದರೆ ಇದ್ದಲಿ ಹಾಕುವುದಾಗುವುದಿಲ್ಲ. ಬೇವೂರು ಕಣ್ಣಿಗೆ ಬಿತ್ತು. ಊರ ಮುಂದಿನ ಏರು ಬಂತು. ಅಲ್ಲಿ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಒಲೆ ತಣ್ಣಗಾಗಿತ್ತು. ಚೀಲದಲ್ಲಿ ಇದ್ದಲಿ ಇರಲಿಲ್ಲ. ಅಕ್ಕನನ್ನು ನೋಡಿದ ಗಡಿಬಿಡಿಯಲ್ಲಿ ಚೀಲ ತುಂಬುವುದೇ ಮರೆತಿದ್ದೆ.

“ಇಳಿ ಅಕ್ಕಾ. ನಡದು ಹೋಗೂಣು.”

“ಆಕಿ ನಡದು ಹೋಗ್ತೀನಂದಿದ್ಲೇನು?”

ಮುಂದೆ ಕೂತು ತವರಿಗೆ ಹೋಗುವ ಆ ಮಾತನ್ನು ಆಕೆ ತಾಯಿಗೂ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ.

ಬಾಜೂಕಿನ ಹೊಲದಲ್ಲಿ ಒಬ್ಬ ಕುಂಟೆ ಹೊಡೆಯುತ್ತಿದ್ದ. ಅಕ್ಕ ಅಲ್ಲಿಂದಲೇ ಅವನ ಎತ್ತು ಕರೆಸಿದಳು. ಮೋಟಾರಿನ ಮುಂದೆ ಕಟ್ಟಿಸಿದಳು. ಏರಿಗೆ ಎತ್ತು ಸಾಲಲಿಲ್ಲ. ಹಿಂದಿನಿಂದ ದಬ್ಬಬೇಕು. ನಾನು ದಬ್ಬಿದರೆ ಚಕ್ರ ಹಿಡಿಯುವವರು ಯಾರು? ಎತ್ತಿನವ ನಾ ಒಲ್ಲೆ ಅಂದ, ಎತ್ತು ಬಿಟ್ಟು ಅವನ ಕೈ ಯಾವುದನ್ನೂ ಹಿಡಿದಿಲ್ಲವಂತೆ.

“ಸರಿ ಆಕಡೆ” ಅಂದಳು ಅಕ್ಕ. “ಚಕ್ಕಡಿ ಹೊಡದಾಕಿ ನಾ.” ನನ್ನ ಜಾಗಕ್ಕೆ ಸರಿದು ಕೂತಳು. ನಮ್ಮಾಕಿಯ ಸೀಟನ್ನು ಸೆರಗಿನಿಂದ ಒರೆಸಿ ಖಾಲಿ ಬಿಟ್ಟಳು. ಹಾರ್ನು ಎಲ್ಲಿ ಒತ್ತುವುದು ಅಂತ ಕೇಳಿದಳು. ತೋರಿಸಿದೆ. ತೋರಿಸಬಾರದಿತ್ತು.

ಭೋಂ ಭೋಂ ಅಂತ ಊರೊಳಗೆ ಹೊಕ್ಕೆವು. ಮುಂದೆ ಎತ್ತು, ನಡುವೆ ಅಕ್ಕ, ಹಿಂದೆ ನಾನು, ಒಲೆಯ ಮಸಿಗೆ ಹಣೆ ಹಚ್ಚಿ ದಬ್ಬುತ್ತಿದ್ದೆ. ಮನೆಮನೆಯಿಂದ ಜನ ಬಂದರು. ಎದುರು ಮನೆಯ ಮುದುಕಿ ಕೈ ಅಡ್ಡ ಹಿಡಿದು ನೋಡಿದಳು.

“ಯವ್ವಾ, ಮೋಟಾರಿನ್ಯಾಗ ಒಬ್ಬಾಕಿನ ಬಂದ್ಯೇನಬೇ?”

“ಒಬ್ಬಾಕಿ ಯಾಕ ಬರ್ಲಿ? ತಾಯಿ ಮಗಳು ಕುಂತು ಬಂದೀವಿ” ಅಂದಳು ಅಕ್ಕ.

“ಮತ್ತ ಅಳಿಯ?”

“ಹಿಂದ ದಬ್ಬಾಕತ್ತಾನ ನೋಡು.”

ನನಗೆ ನಗು ಬಂತು. ಎಷ್ಟು ವರ್ಷದ ಮೇಲೋ ಬಂತು. ಹಣೆಯ ಮಸಿ ಕಣ್ಣಿಗೆ ಇಳಿಯಿತು, ಕಣ್ಣೀರೂ ಬಂತು, ಆದರೂ ನಗು ನಿಲ್ಲಲಿಲ್ಲ. ನಗುವವನ ಕೈಯಲ್ಲಿ ಬಲ ಇರುವುದಿಲ್ಲ. ಏರು ಓಣಿಯೊಳಗೂ ಇತ್ತು, ಮೋಟಾರು ಹಿಂದಕ್ಕೆ ಜಾರಿತು. ಅದರ ಜೊತೆ ಎತ್ತುಗಳೂ ನಾಲ್ಕು ಹೆಜ್ಜೆ ಹಿಂದೆ ಬಂದವು. ಅಕ್ಕ ಹಾರ್ನು ಒತ್ತಿ ಹಿಡಿದು, ಊರೆಲ್ಲ ಕೇಳುವ ಹಾಗೆ ಕೂಗಿದಳು:

“ಲೇ ಅಳಿಯಾ! ನಗೂದು ಮನ್ಯಾಗ ನಗೀಯಂತ. ಮೊದಲ ದಬ್ಬು!”